ಮಾಂಟೆಸ್ಸರಿ ಬೋರ್ಡಿನ ಕೆಳಗೆ ಕಾಪಿ ರೈಟಿಂಗ್

ನಿನ್ನೆ ಸಂಜೆ ತಂಗಿ ಒಂದು ಫೋಟೋ ಕಳಿಸಿದಳು. ಅವಳ ಮಗನ ಹೋಂವರ್ಕ್. ನಾಲ್ಕು ಗೆರೆ ಪುಸ್ತಕದಲ್ಲಿ ಪುಟದ ತುಂಬ ಇಂಗ್ಲಿಷಿನ ಸಣ್ಣ ‘ಎ’. ಕೆಳಗೆ ಕೆಂಪು ಶಾಯಿಯಲ್ಲಿ ಮಿಸ್ಸಿನ ಷರಾ: ನೀಟಾಗಿ ಬರೆಯಬೇಕು. ಹುಡುಗನಿಗೆ ಮೂರೂವರೆ ವರ್ಷ. ತನ್ನ ಚಡ್ಡಿ ಗುಂಡಿ ಹಾಕಿಕೊಳ್ಳೋಕೆ ಇನ್ನೂ ಬರಲ್ಲ. ಆದರೆ ‘ಎ’ ಗೆರೆ ದಾಟಬಾರದು!

ಶಾಲೆ ಹೆಸರು ಹೇಳಲ್ಲ. ಹೇಳಿ ಪ್ರಯೋಜನವೂ ಇಲ್ಲ, ನಿಮ್ಮ ಬೀದಿಯಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ಗೋಡೆ ಮೇಲೆ ಛೋಟಾ ಭೀಮ್, ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಮಾಂಟೆಸ್ಸರಿ’, ಒಳಗೆ ಬೆಂಚಿನ ಮೇಲೆ ಕೈಕಟ್ಟಿ ಕೂತ ಮಕ್ಕಳು. ಸರ್ಕಾರಿ ಶಾಲೆಗಳ ನಲಿಕಲಿ ಕ್ಲಾಸಲ್ಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಕ್ಲಾಸಲ್ಲಿ, ಟೀಚರಾಗಿ ವರ್ಷಗಟ್ಟಲೆ ನೆಲದ ಮೇಲೆ ಕೂತು ಮೊಣಕಾಲು ನೋಯಿಸಿಕೊಂಡವಳು ನಾನು. ಈ ವಿಷಯಕ್ಕೆ ಬಂದರೆ ನನ್ನ ಬಿಪಿ ಎಲ್ಲಿಗೆ ಏರುತ್ತೆ ಅಂತ ನಿಮಗೆ ಗೊತ್ತು.

ಬೋರ್ಡಿನಲ್ಲಿರುವ ಆ ಹೆಂಗಸು ಯಾರು ಅಂತ ಇವರಲ್ಲಿ ಎಷ್ಟು ಜನಕ್ಕೆ ಗೊತ್ತು? ಮರಿಯಾ ಮಾಂಟೆಸ್ಸರಿ ಇಟಲಿಯ ಡಾಕ್ಟರು. ಬುದ್ಧಿ ಮಂದ ಅಂತ ಎಲ್ಲರೂ ಕೈಬಿಟ್ಟ ಮಕ್ಕಳ ಜೊತೆ ಕೆಲಸ ಮಾಡಿ ಕಲಿತವರು. 1907ರ ಜನವರಿಯಲ್ಲಿ ರೋಮಿನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಶುರು ಮಾಡಿದರು. ಕೂಲಿಗೆ ಹೋಗುವವರ ಮಕ್ಕಳು ಹಗಲೆಲ್ಲ ಒಂಟಿಯಾಗಿ ಓಡಾಡಿ ಹೊಸ ಕಟ್ಟಡದ ಗೋಡೆ ಮೆಟ್ಟಿಲು ಕೆಡಿಸುತ್ತಿದ್ದವು. ಅವನ್ನು ಒಂದು ಕಡೆ ಕೂಡಿಹಾಕಿದರೆ ಸಾಕು ಅನ್ನೋದು ಕಟ್ಟಡದವರ ಲೆಕ್ಕ. ಅವು ಅಲ್ಲಿ ಏನು ಮಾಡುತ್ತವೆ ಅಂತ ಕೂತು ನೋಡಿದ್ದು ಈಯಮ್ಮ. ಕಲಿಸುವುದಕ್ಕಿಂತ ನೋಡೋದೇ ಜಾಸ್ತಿ. ನಮ್ಮ ‘ಮಾಂಟೆಸ್ಸರಿ’ಗಳಲ್ಲಿ ಮಕ್ಕಳನ್ನು ನೋಡೋದು ಸಿಸಿಟಿವಿ ಮಾತ್ರ.

ಈಗ ಯಾರಾದರೂ ಬುದ್ಧಿವಂತರು ಕೇಳೇ ಕೇಳ್ತೀರಿ. ಮೇಡಂ, ಮಾಂಟೆಸ್ಸರಿ ಮಕ್ಕಳು ನಾಲ್ಕು ವರ್ಷಕ್ಕೇ ಬರೀತಿದ್ದರಂತಲ್ಲ? ಹೌದು, ಬರೀತಿದ್ದರು. ಮಾಂಟೆಸ್ಸರಿಯವರೇ ಬರೆದಿಟ್ಟ ಪ್ರಸಂಗ ಇದೆ. ಡಿಸೆಂಬರಿನ ಒಂದು ಬಿಸಿಲಿನ ದಿನ ಮಕ್ಕಳನ್ನು ತಾರಸಿಗೆ ಕರೆದುಕೊಂಡು ಹೋಗಿ, ಒಬ್ಬ ಹುಡುಗನಿಗೆ ಸೀಮೆಸುಣ್ಣ ಕೊಟ್ಟು, ಅಲ್ಲಿದ್ದ ಹೊಗೆಗೂಡಿನ ಚಿತ್ರ ಬಿಡಿಸು ಅಂದರಂತೆ. ಬಿಡಿಸಿದ. ಆಮೇಲೆ ಇದ್ದಕ್ಕಿದ್ದ ಹಾಗೆ ‘ನಂಗೆ ಬರೆಯೋಕೆ ಬರುತ್ತೆ’ ಅಂತ ಕೂಗಿ ನೆಲದ ಮೇಲೆ ಪದಗಳನ್ನೇ ಬರೆಯೋಕೆ ಶುರು ಮಾಡಿದ. ಉಳಿದ ಮಕ್ಕಳೂ ಬಂದು ಸೀಮೆಸುಣ್ಣಕ್ಕೆ ಕೈಚಾಚಿದವು.

ಆದರೆ ಅದಕ್ಕೆ ಮುಂಚೆ ಆ ಕೈಗಳು ಏನು ಮಾಡುತ್ತಿದ್ದವು ಅಂತ ಕೇಳಿ. ಮರದ ಗುಂಡುಗಳನ್ನು ಅವುಗಳ ಪುಟ್ಟ ಹಿಡಿಯಿಂದ ಎತ್ತಿ ಸರಿಯಾದ ಗುಳಿಗೆ ಹಾಕುತ್ತಿದ್ದವು. ಮೂರು ಬೆರಳಲ್ಲಿ ಹಿಡಿದರೇನೇ ಆ ಹಿಡಿ ಸಿಗೋದು. ಪೆನ್ಸಿಲ್ ಹಿಡಿಯೋದೂ ಅದೇ ಮೂರು ಬೆರಳಲ್ಲಿ. ಅಚ್ಚುಗಳ ಅಂಚು ಹಿಡಿದು ಗೆರೆ ಎಳೆದು ಬಣ್ಣ ತುಂಬುತ್ತಿದ್ದವು. ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸಿ ಅದರ ಸದ್ದು ಹೇಳುತ್ತಿದ್ದವು. ಕೈ, ಕಣ್ಣು, ಕಿವಿ ತಯಾರಾದ ಮೇಲೆ ಬರವಣಿಗೆ ತಾನಾಗಿ ಬಂತು. ಆ ತಯಾರಿಯನ್ನೆಲ್ಲ ಎತ್ತಿ ಬಿಸಾಕಿ ಕೊನೆಯ ಮೆಟ್ಟಿಲನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಅದಕ್ಕೂ ಫೀಸು, ಅದಕ್ಕೂ ಕೆಂಪು ಶಾಯಿ.

(ನಮ್ಮ ಕಡೆ ಮರಳಲ್ಲಿ ತಿದ್ದಿಸುತ್ತಿದ್ದರು, ಅಕ್ಕಿಯಲ್ಲಿ ಓಂ ಬರೆಸುತ್ತಿದ್ದರು, ಎಲ್ಲ ನಮ್ಮಲ್ಲಿ ಮೊದಲೇ ಇತ್ತು ಅಂತ ವಾಟ್ಸಾಪ್ ಫಾರ್ವರ್ಡ್ ಹಾಕಲು ಬರುವವರಿಗೆ: ಇತ್ತು ಸ್ವಾಮಿ. ಜೊತೆಗೆ ಬೆತ್ತವೂ ಇತ್ತು. ಮುಂದಕ್ಕೆ ಹೋಗೋಣ.)

ರಷ್ಯಾದ ವೈಗೋಟ್‌ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕ್ಷಯ ಬಂದು 37ಕ್ಕೇ ತೀರಿಕೊಂಡ ಮನುಷ್ಯ. ಅವರಿಗೆ ಮಾಂಟೆಸ್ಸರಿ ಮಕ್ಕಳ ಬರವಣಿಗೆಯೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಕ್ಷರ ಬರೆಯುವುದು ಬರೀ ಕೈಚಳಕ ಅಲ್ಲ, ಮಗುವಿಗೆ ಹೇಳೋಕೆ ಏನೋ ಇರಬೇಕು, ಬರೆಯುವ ಅಗತ್ಯ ಅದಕ್ಕೇ ಹುಟ್ಟಬೇಕು ಅನ್ನೋದು ಅವರ ತಕರಾರು. ಮಗು ಕೋಲನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಕುದುರೆ ಅಂತ ಓಡಿಸುತ್ತಲ್ಲ, ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಹುದು ಅಂತ ಅದು ಅಲ್ಲೇ ಕಲಿಯುತ್ತೆ. ಅಕ್ಷರ ಅಂದರೂ ಅಷ್ಟೇ ತಾನೇ? ಆಟ, ಚಿತ್ರ, ಆಮೇಲೆ ಬರಹ. ಆ ಹುಡುಗ ಹೋಂವರ್ಕ್ ಬಿಟ್ಟು ಪೊರಕೆ ಕಡ್ಡಿಯಲ್ಲಿ ಬಸ್ಸು ಓಡಿಸುತ್ತಿದ್ದ ಅಂತ ತಂಗಿ ಬೈದಳಂತೆ. ಅವನು ಆಗಲೇ ಹೋಂವರ್ಕ್ ಮಾಡ್ತಿದ್ದ ಕಣೇ!

ಒಂದನೇ ಕ್ಲಾಸಿಗೆ ಬರುವ ಈ ನರ್ಸರಿ ಮಕ್ಕಳನ್ನು ನಾನು ನೋಡ್ತಾನೇ ಇದ್ದೇನೆ. ನೂರರವರೆಗೆ ಗಡಗಡ ಹೇಳುತ್ತವೆ. ಐದು ಹುಣಸೆ ಬೀಜ ಒತ್ತೊತ್ತಾಗಿ, ಐದು ಬೀಜ ದೂರ ದೂರ, ಎರಡು ಸಾಲು ಇಟ್ಟು ಯಾವುದರಲ್ಲಿ ಜಾಸ್ತಿ ಅಂತ ಕೇಳಿ. ಎಷ್ಟೋ ಮಕ್ಕಳು ಉದ್ದ ಸಾಲನ್ನು ತೋರಿಸುತ್ತವೆ. ಅದು ದಡ್ಡತನ ಅಲ್ಲ. ಆ ವಯಸ್ಸಿನ ಯೋಚನೆಯೇ ಹಾಗೆ ಅಂತ ಸ್ವಿಟ್ಜರ್‌ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಮಕ್ಕಳ ಮುಂದೆ ಕೂತು ಇಂಥವೇ ಪ್ರಯೋಗ ಮಾಡಿ ತೋರಿಸಿದರು. ಅಮೆರಿಕಕ್ಕೆ ಹೋದಾಗೆಲ್ಲ ‘ಈ ಹಂತಗಳನ್ನು ಬೇಗ ಬೇಗ ದಾಟಿಸೋದು ಹೇಗೆ’ ಅಂತ ಕೇಳುತ್ತಿದ್ದರಂತೆ. ಅವರು ಅದಕ್ಕೆ ‘ಅಮೆರಿಕನ್ ಪ್ರಶ್ನೆ’ ಅಂತಲೇ ಹೆಸರಿಟ್ಟುಬಿಟ್ಟರು. ನಮ್ಮ ಪೇರೆಂಟ್ಸ್ ಮೀಟಿಂಗಿಗೆ ಬಂದಿದ್ದರೆ ಹೆಸರು ಬದಲಾಗುತ್ತಿತ್ತು.

‘ಪಾಪ, ಶಾಲೆಯವರದ್ದೇನು ತಪ್ಪು, ಪೋಷಕರೇ ಬರೆಸಿ ಅಂತಾರೆ’ ಅನ್ನೋದು ಇನ್ನೊಂದು ವಾದ. ಪೋಷಕರು ಕೇಳಿದರು ಅಂತ ಡಾಕ್ಟರು ಜ್ವರ ಇಲ್ಲದ ಮಗುವಿಗೆ ಇಂಜೆಕ್ಷನ್ ಚುಚ್ಚುತ್ತಾರಾ? (ಚುಚ್ಚುವವರೂ ಇದ್ದಾರೆ, ಆ ಜಗಳ ಇನ್ನೊಂದು ದಿನ.) ‘ಒಂದನೇ ಕ್ಲಾಸಿಗೆ ಸೀಟು ಬೇಕಾದರೆ ಟೆಸ್ಟ್ ಇರುತ್ತಲ್ಲ’ ಅಂತೀರಿ. ಸೇರಿಸಿಕೊಳ್ಳುವಾಗ ಮಗುವಿಗಾಗಲಿ ಅಪ್ಪ ಅಮ್ಮನಿಗಾಗಲಿ ಪರೀಕ್ಷೆ ಮಾಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನೇ ಹೇಳುತ್ತೆ. 2020ರ ಶಿಕ್ಷಣ ನೀತಿಯಂತೂ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ, ಆಟದ ಮೂಲಕ ಕಲಿಕೆ ಅಂತ ಬರೆದಿದೆ. ಬರೆದಿದ್ದನ್ನು ಯಾರೂ ಓದಲ್ಲ. ಮೂರು ವರ್ಷದ ಮಕ್ಕಳು ಮಾತ್ರ ಓದಬೇಕು.

ಆಟಕ್ಕೆ ಸಾಮಾನು ಬೇಕು, ದುಡ್ಡು ಬೇಕು ಅನ್ನುವವರಿಗೆ ತಾರಾಬಾಯಿ ಮೋಡಕರ ಬಗ್ಗೆ ಹೇಳಬೇಕು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅನ್ನೋ ಶಿಕ್ಷಣತಜ್ಞರ ಜೊತೆ ಸೇರಿ ಮಾಂಟೆಸ್ಸರಿ ಪದ್ಧತಿಯನ್ನು ನಮ್ಮ ನೆಲಕ್ಕೆ ಒಗ್ಗಿಸಿದವರು. ಆಮೇಲೆ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಅನ್ನೋ ಹಳ್ಳಿಗೆ ಹೋದರು. ಬಡ ಮಕ್ಕಳು ಶಾಲೆಗೆ ಬರಲಿಲ್ಲ. ಸರಿ, ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಅನುತಾಯಿ ವಾಘ್ ಜೊತೆಗಿದ್ದರು. ಎಲೆ, ಬೀಜ, ಕಲ್ಲು, ಚಿಪ್ಪು, ಇವೇ ಪಾಠದ ಸಾಮಾನು. ಅಂಗನವಾಡಿಯ ಬೇರು ಇರೋದು ಅಲ್ಲಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಐಸಿಡಿಎಸ್ ಅನ್ನೋ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ನಮ್ಮ ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ.

ಇಲ್ಲಿ ನನ್ನ ಸಿಟ್ಟಲ್ಲಿ ಸ್ವಲ್ಪ ಸ್ವಂತದ್ದೂ ಬೆರೆತಿದೆ, ಮುಚ್ಚಿಡಲ್ಲ. ಅವ್ವ ಅಂಗನವಾಡಿ ಕಾರ್ಯಕರ್ತೆ ಆಗಿದ್ದವಳು. ತೂಕ ಹಾಕು, ರೇಷನ್ ಲೆಕ್ಕ ಬರಿ, ಸರ್ವೆಗೆ ಹೋಗು, ಪೋಲಿಯೋ ಹನಿಗೆ ಮನೆ ಮನೆ ತಿರುಗು. ಇಷ್ಟರ ನಡುವೆ ಹೊಂಗೆ ಬೀಜ, ಬಾಟಲಿ ಮುಚ್ಚಳ ರಾಶಿ ಹಾಕಿ ಮಕ್ಕಳ ಕೈಲಿ ಬೇರೆ ಮಾಡಿಸುತ್ತಿದ್ದಳು. ‘ಅಲ್ಲೇನು ಕಲಿಸ್ತಾರೆ, ಉಪ್ಪಿಟ್ಟು ತಿನ್ನಿಸಿ ಮಲಗಿಸ್ತಾರೆ’ ಅಂತ ಅವಳೆದುರಿಗೇ ಹೇಳಿ, ಮಕ್ಕಳನ್ನು ವ್ಯಾನು ಹತ್ತಿಸುತ್ತಿದ್ದರು. ಅವ್ವ ಮಾಡಿಸುತ್ತಿದ್ದುದು ಮಾಂಟೆಸ್ಸರಿಗೆ ಎಷ್ಟೋ ಹತ್ತಿರ ಇತ್ತು, ಆದರೆ ಅವಳ ಹತ್ತಿರ ಬೋರ್ಡು ಇರಲಿಲ್ಲ. ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫುಟ್‌ಪಾತ್ ಮೇಲೆ ರಾತ್ರಿ ಮಲಗಿ ಬಂದಳು. ನಾವು ಹೊಗಳೋದು ಮಾತ್ರ ಇಟಲಿಯವರನ್ನು.

ಅದೂ ಏನೋ ದೂರದ ಇಟಲಿಯವರಲ್ಲ ಬಿಡಿ. ಆಯಮ್ಮ 1939ರಲ್ಲಿ ಮದರಾಸಿನ ಅಡ್ಯಾರಿಗೇ ಬಂದು ಟೀಚರುಗಳಿಗೆ ತರಬೇತಿ ಕೊಟ್ಟರು. ಯುದ್ಧ ಬಂದು, ಇಟಲಿ ಶತ್ರು ದೇಶ ಆಗಿ, ಬ್ರಿಟಿಷ್ ಸರ್ಕಾರ ಮಗನನ್ನು ಬಂಧಿಸಿತು, ಇವರ ಓಡಾಟಕ್ಕೂ ಕಡಿವಾಣ ಹಾಕಿತು. 70ನೇ ಹುಟ್ಟುಹಬ್ಬಕ್ಕೆ ಮಗನನ್ನು ವಾಪಸು ಕಳಿಸಿದರಂತೆ. ಯುದ್ಧ ಮುಗಿಯೋವರೆಗೂ ಇಲ್ಲೇ ಇದ್ದು ಸಾವಿರಕ್ಕೂ ಹೆಚ್ಚು ಜನಕ್ಕೆ ಕಲಿಸಿದರು. ಪಕ್ಕದ ಊರಿಗೇ ಬಂದು ಹೇಳಿಕೊಟ್ಟು ಹೋದದ್ದನ್ನು ನಾವು ಬೋರ್ಡಿಗೆ ಮಾತ್ರ ಬಳಸಿದ್ದೇವೆ.

ತಂಗಿಗೆ ಹೇಳಿದ್ದೇನೆ: ಹೋಂವರ್ಕ್ ಮಾಡಿಸಬೇಡ, ಮಿಸ್ ಕೇಳಿದರೆ ದೊಡ್ಡಮ್ಮ ಬೇಡ ಅಂದಳು ಅನ್ನು, ಬೇಕಿದ್ದರೆ ನನ್ನ ನಂಬರ್ ಕೊಡು. ಅವಳು ‘ಅಕ್ಕಾ, ನೀನು ಬಂದು ಜಗಳ ಆಡಬೇಡ’ ಅಂತ ಮಾತ್ರ ಉತ್ತರ ಕಳಿಸಿದಳು. ಕಾಮೆಂಟಲ್ಲಿ ‘ನಿಮ್ಮ ಮಗನನ್ನು ಎಲ್ಲಿಗೆ ಸೇರಿಸಿದ್ರಿ ಮೇಡಂ’ ಅಂತ ಕೇಳಲು ಕಾಯುತ್ತಿರುವವರಿಗೆ: ಅವ್ವನ ಅಂಗನವಾಡಿಗೇ. ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅಕ್ಷರ ಇವತ್ತಿಗೂ ಕಾಗೆ ಕಾಲು ಗುಬ್ಬಿ ಕಾಲು. ಅದಕ್ಕೇನೀಗ?