ಹಳೆಯ ಗಾಡಿಗೆ ಹಳೆಯ ಗಾಜು: ಶಾರ್ಜಾದಿಂದ ಊರಿಗೊಂದು ಮಾತು

ಕಾರಿನ ಮುಂದಿನ ಗಾಜು ಒಡೆದರೆ ಬಿರುಕು ಬಿಡುತ್ತದೆ. ಬಾಗಿಲಿನ ಗಾಜು ಒಡೆದರೆ ಗಾಜೇ ಉಳಿಯುವುದಿಲ್ಲ. ಮುಂದಿನದು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ ಲ್ಯಾಮಿನೇಟೆಡ್ ಗಾಜು, ಸೀಳಿದರೂ ಇದ್ದಲ್ಲೇ ಹಿಡಿದುಕೊಂಡಿರುತ್ತದೆ. ಬದಿಯದು ಸಾಮಾನ್ಯವಾಗಿ ಟೆಂಪರ್ಡ್. 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿ, ಎರಡೂ ಕಡೆಯಿಂದ ಗಾಳಿ ಊದಿ ಥಟ್ಟನೆ ತಣಿಸಿದ್ದು. ಆಗ ಹೊರಮೈ ಬಿಗಿದುಕೊಂಡು ಒಳಭಾಗ ಎಳೆತದಲ್ಲಿ ಉಳಿಯುತ್ತದೆ. ಅಂಗೈಯ ಏಟಿಗೆ ಜಗ್ಗದ ಆ ಗಾಜು, ಚೂಪಾದ ಸಣ್ಣ ಕಲ್ಲೊಂದು ರಭಸದಿಂದ ತಾಗಿದರೆ ಕಲ್ಲುಸಕ್ಕರೆ ಸುರಿದಂತೆ ಸೀಟಿನ ಮೇಲೆಲ್ಲ ಉದುರುತ್ತದೆ. ಒಮ್ಮೆ ಹೀಗೆ ಹದಗೊಳಿಸಿದ ಮೇಲೆ ಅದನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಆಯಾ ಮಾಡೆಲ್‌ನ ಆಯಾ ಬಾಗಿಲಿಗೆಂದೇ ಕಾರ್ಖಾನೆಯಲ್ಲಿ ಬಾಗಿಸಿ ತಯಾರಿಸಿದ ಗಾಜೇ ಬೇಕು.

ಹೊಸ ಕಾರಿಗೆ ಇದು ದೊಡ್ಡ ಸಂಗತಿಯಲ್ಲ. ಹಳೆಯ ಕಾರಿಗೆ, ಅದರಲ್ಲೂ ತಯಾರಿಸಿದವರೇ ಕೈಬಿಟ್ಟ ಕಾರಿಗೆ, ಇದೊಂದು ಗಾಜು ಅದರ ಆಯುಸ್ಸನ್ನೇ ತೀರ್ಮಾನಿಸಿಬಿಡಬಹುದು. ಇಂಜಿನ್ ಗಟ್ಟಿಯಿದ್ದು, ಗೇರ್‌ಬಾಕ್ಸ್ ಸರಿಯಿದ್ದು, ಬರೀ ಗಾಜು ಸಿಗದೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಿರುವ ಗಾಡಿಗಳನ್ನು ಊರಿಗೆ ಹೋದಾಗ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ನಾನಿರುವ ಶಾರ್ಜಾದಲ್ಲಿ ಅಂಥ ಗಾಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಇಲ್ಲಿಯ ಜನ ನಮಗಿಂತ ಜಾಣರೆಂದೇನೂ ಅಲ್ಲ, ಗ್ಯಾರೇಜುಗಳಲ್ಲಿ ಕೆಲಸ ಮಾಡುವವರಲ್ಲಿ ಬಹಳಷ್ಟು ಜನ ನಮ್ಮ ಕಡೆಯವರೇ. ವ್ಯತ್ಯಾಸ ಇರುವುದು ಹಳೆಯ ಬಿಡಿಭಾಗದ ಬಗ್ಗೆ ಎರಡೂ ಕಡೆ ಇರುವ ಧೋರಣೆಯಲ್ಲಿ.

ನನ್ನದು 2008ರ ಮಿತ್ಸುಬಿಷಿ ಪಜೆರೊ. ರಸ್ತೆಬದಿಯ ಹುಲ್ಲು ಕತ್ತರಿಸುವ ಯಂತ್ರದ ದಾರಕ್ಕೆ ಸಿಕ್ಕ ಕಲ್ಲೊಂದು ಸಿಡಿದು, ನಿಲ್ಲಿಸಿದ್ದ ಗಾಡಿಯ ಹಿಂದಿನ ಎಡ ಬಾಗಿಲಿನ ಗಾಜು ಹೋಯಿತು. ಇಲ್ಲಿ ಮೊದಲ ಕೆಲಸ ಪೊಲೀಸ್ ಕಾಗದ. ಅಪಘಾತದಲ್ಲಿ ಹಾನಿಯಾದ ಗಾಡಿಯನ್ನು ಆ ಕಾಗದವಿಲ್ಲದೆ ಗ್ಯಾರೇಜಿನವರು ಮುಟ್ಟುವಂತಿಲ್ಲ ಎಂಬುದು ಈ ದೇಶದ ಕಟ್ಟುನಿಟ್ಟಿನ ನಿಯಮ. ಗಾಜಿನ ಅಂಗಡಿಯವನೂ ಅದನ್ನೇ ಮೊದಲು ಕೇಳಿದ. ಹೊಸದಾಗಿ ಬಂದವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ನನಗೆ ಈಗ ಇದರ ಬಗ್ಗೆ ಗೌರವವಿದೆ. ಗುದ್ದಿ ಓಡಿಹೋದವನು ರಾತ್ರೋರಾತ್ರಿ ಗ್ಯಾರೇಜಿನಲ್ಲಿ ಗುರುತು ಅಳಿಸಿಕೊಳ್ಳಲು ಈ ಕಾಗದ ಬಿಡುವುದಿಲ್ಲ.

ಆಮೇಲೆ ಇಂಡಸ್ಟ್ರಿಯಲ್ ಏರಿಯಾ. ಶಾರ್ಜಾದ ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲುಗಳನ್ನು ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ಒಂದು ಅಂಗಡಿಯಲ್ಲಿ ಬರೀ ನಿಸಾನ್, ಪಕ್ಕದ್ದರಲ್ಲಿ ಬರೀ ಲೆಕ್ಸಸ್, ಇನ್ನೊಂದರಲ್ಲಿ ಮಿತ್ಸುಬಿಷಿ ಮಾತ್ರ. ಬಾಗಿಲುಗಳನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ, ಮೇಲೆ ಬಿಳಿ ಮಾರ್ಕರ್‌ನಿಂದ ವರ್ಷ ಬರೆದಿರುತ್ತಾರೆ. ಜಪಾನಿನಿಂದ ಕಂಟೇನರುಗಳಲ್ಲಿ ಬರುವ ಹಾಫ್ ಕಟ್, ಅಂದರೆ ಅರ್ಧಕ್ಕೆ ಕತ್ತರಿಸಿದ, ಗಾಡಿಗಳು ಇಲ್ಲಿ ಬಿಚ್ಚಿಕೊಳ್ಳುತ್ತವೆ. ಹೊಸ ಕಾರು ಕೊಂಡ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಅಲ್ಲಿ ದುಬಾರಿ ತಪಾಸಣೆ ಆಗಬೇಕಾದ್ದರಿಂದ ಜಪಾನೀಯರು ಇನ್ನೂ ಚೆನ್ನಾಗಿರುವ ಗಾಡಿಯನ್ನೇ ಬಿಟ್ಟುಕೊಡುತ್ತಾರೆ. ಅವರ ಸ್ಟೀರಿಂಗ್ ಬಲಕ್ಕಿರುವುದರಿಂದ ಡ್ಯಾಶ್‌ಬೋರ್ಡ್ ಇಲ್ಲಿಗೆ ಹೊಂದದು. ಗಾಜಿಗೆ ಆ ತಕರಾರಿಲ್ಲ. ಸ್ಟೀರಿಂಗ್ ಯಾವ ಕಡೆಗಿದ್ದರೂ ಎಡ ಬಾಗಿಲಿನ ಗಾಜು ಎಡ ಬಾಗಿಲಿನದೇ. ಇನ್ನೊಂದು ಅನುಕೂಲವೆಂದರೆ ನಾಲ್ಕನೇ ತಲೆಮಾರಿನ ಪಜೆರೊ 2006ರಿಂದ 2021ರವರೆಗೆ ಹೆಚ್ಚು ಬದಲಾಗದೆ ತಯಾರಾಗುತ್ತಲೇ ಇತ್ತು. ಅಂಗಡಿಯ ಪಠಾಣ ನನ್ನ ಮುಲ್ಕಿಯಾದಲ್ಲಿದ್ದ, ಅಂದರೆ ಗಾಡಿಯ ನೋಂದಣಿ ಕಾರ್ಡಿನಲ್ಲಿದ್ದ, ಚಾಸಿ ನಂಬರ್ ನೋಡಿ, ಒಳಗೆ ಹೋಗಿ, ಚಹಾ ಬರುವಷ್ಟರಲ್ಲಿ ಗಾಜು ತಂದಿಟ್ಟ.

ಅಲ್ಲಿ ನಾನು ಕಲಿತದ್ದು, ಹಳೆಯ ಗಾಜನ್ನು ಕೊಳ್ಳುವಾಗ ಮೂಲೆಯ ಮುದ್ರೆಯನ್ನು ಓದಬೇಕು. ತಯಾರಕರ ಗುರುತು, ಟೆಂಪರ್ಡ್ ಎಂಬ ಸೂಚನೆ, ಯಾವ ದೇಶದ ಮಾನದಂಡ ಎಂಬುದೆಲ್ಲ ಅದರಲ್ಲಿರುತ್ತದೆ. ಭಾರತದ ಗಾಜಾದರೆ ಐಎಸ್ 2553 ಎಂಬ ಸಂಖ್ಯೆ ನೋಡಬೇಕು. ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿದ್ದರೂ ಬೇಡ, ಟೆಂಪರ್ಡ್ ಗಾಜಿನ ಪ್ರಾಣ ಇರುವುದೇ ಅಂಚಿನಲ್ಲಿ. ಉಳಿದ ಗಾಜುಗಳ ಪಕ್ಕ ಹಿಡಿದು ಹಸಿರು ಛಾಯೆ ಹೊಂದುತ್ತದೆಯೇ ನೋಡಬೇಕು. ಇಷ್ಟು ನೋಡಿಕೊಂಡರೆ ಹಳೆಯ ಗಾಜಿಗೂ ಹೊಸದಕ್ಕೂ ಕೆಲಸದಲ್ಲಿ ಭೇದವಿಲ್ಲ. ಇಂಜಿನ್ನಿನಂತೆ ಸವೆಯುವ ವಸ್ತು ಅದಲ್ಲ.

ಈಗ ಊರಿನ ಕಥೆ. ಉಡುಪಿಯಲ್ಲಿರುವ ನಮ್ಮ ಭಾವನದು ಶೆವ್ರೊಲೆ ಬೀಟ್. 2010ರಲ್ಲಿ ಭಾರತಕ್ಕೆ ಬಂದ ಕಾರು. ಅದನ್ನು ತಯಾರಿಸುತ್ತಿದ್ದ ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ತೆಂಗಿನಕಾಯಿ ಬಿದ್ದು ಭಾವನ ಕಾರಿನ ಹಿಂದಿನ ಎಡ ಬಾಗಿಲಿನ ಗಾಜು ಪುಡಿಯಾದದ್ದು ಜೂನ್ ತಿಂಗಳಲ್ಲಿ. ಕರಾವಳಿಯ ಜೂನ್ ಅಂದರೆ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಕವರ್, ಕಂದು ಟೇಪು, ಒಳಗೆ ಬೂಷ್ಟು ಹಿಡಿಯುತ್ತಿರುವ ಸೀಟು. ಮಾರುತಿ 800 ಆಗಿದ್ದರೆ, ಅದರ ತಯಾರಿ 2014ರಲ್ಲೇ ನಿಂತಿದ್ದರೂ, ತಾಲ್ಲೂಕು ಕೇಂದ್ರದಲ್ಲೇ ಗಾಜು ಸಿಗುತ್ತಿತ್ತು. ಬೀಟ್ ಅಂದಕೂಡಲೇ ಅಂಗಡಿಯವರು ತಲೆ ಅಲ್ಲಾಡಿಸಿದರು. ಮಂಗಳೂರಿನಲ್ಲಿ ಇಲ್ಲ, ಹುಬ್ಬಳ್ಳಿಯಲ್ಲಿ ಬಲಗಡೆಯದು ಇದೆ ಎಡಗಡೆಯದು ಇಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಆರ್ಡರ್ ಕೊಟ್ಟರೆ ನೋಡೋಣ. ಮಳೆಗಾಲ ಪೂರ್ತಿ ಹೀಗೇ ಕಳೆಯಿತು. ಕೊನೆಗೆ ಶಿವಾಜಿನಗರದ ಗುಜರಿಯಲ್ಲಿ, ಯಾರಿಗೋ ಗೊತ್ತಿದ್ದ ಯಾರೋ ಒಬ್ಬರ ಮೂಲಕ ಸಿಕ್ಕಿ, ಹಳೆಯ ಹಾಸಿಗೆಯಲ್ಲಿ ಸುತ್ತಿಸಿಕೊಂಡು ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಉಡುಪಿಗೆ ಬಂತು.

ಈ ನಡುವೆ ಒಬ್ಬರು ಕೊಟ್ಟ ಸಲಹೆ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಕಿಟಕಿಗೆ ಹಾಕುವ ಸಾದಾ ಗಾಜನ್ನೇ ಅಳತೆಗೆ ಕತ್ತರಿಸಿ ಕೂರಿಸಿಕೊಡುತ್ತೇನೆ ಎಂದರಂತೆ. ಸಾದಾ ಗಾಜು ಒಡೆದರೆ ಉದ್ದುದ್ದ ಕತ್ತಿಗಳಾಗಿ ಒಡೆಯುತ್ತದೆ, ಮತ್ತು ಹಿಂದಿನ ಸೀಟಿನಲ್ಲಿ ಕೂರುವುದು ಸಾಮಾನ್ಯವಾಗಿ ಮಕ್ಕಳು. ಅಕ್ರಿಲಿಕ್ ಹಾಳೆ ಹಾಕಿಸಿಕೊಂಡವರೂ ಇದ್ದಾರೆ. ಅದು ಬೇಗ ಗೀರು ಬಿದ್ದು ಮಂಜಾಗುತ್ತದೆ, ಮೇಲೆ ಕೆಳಗೆ ಸರಿಯಾಗಿ ಓಡುವುದಿಲ್ಲ. ಇಂಥ ಸಲಹೆಗಳು ಹುಟ್ಟುವುದು ಕೆಟ್ಟತನದಿಂದಲ್ಲ, ಸರಿಯಾದ ಗಾಜು ಸಿಗುವ ದಾರಿ ಇಲ್ಲದ್ದರಿಂದ.

ಕೂರಿಸುವ ಕೆಲಸದ ವಿಷಯಕ್ಕೆ ಬಂದರೆ ನನ್ನ ಓಟು ಊರಿಗೆ. ಶಾರ್ಜಾದಲ್ಲಿ ಹುಡುಗ ಹತ್ತಾರು ನಿಮಿಷದಲ್ಲಿ ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಹೊದಿಕೆ, ಕಿತ್ತು, ಗಾಜು ಇಳಿಸಿ, ಬೋಲ್ಟು ಬಿಗಿದು, ಪ್ಯಾಡ್ ಒತ್ತಿ ಕೂರಿಸಿ ಕೈ ಒರೆಸಿಕೊಂಡ. ಬಾಗಿಲು ಹಾಕಿದಾಗಲೆಲ್ಲ ಒಳಗೆ ಚೂರುಗಳ ಸದ್ದು. ಇಲ್ಲಿ ಮಳೆ ಅಪರೂಪ, ಹಾಗಾಗಿ ಯಾರೂ ಅದನ್ನು ಲೆಕ್ಕಿಸುವುದಿಲ್ಲ. ಉಡುಪಿಯ ಮೇಸ್ತ್ರಿ ಭಾವನ ಕಾರಿಗೆ ಇಡೀ ಮಧ್ಯಾಹ್ನ ಕೊಟ್ಟರು. ಆಗ ನಾನು ರಜೆಯಲ್ಲಿ ಅಲ್ಲೇ ಇದ್ದೆ. "ಗ್ಲಾಸ್ ಹಾಕುದು ದೊಡ್ಡದಲ್ಲ ಮಾರಾಯ್ರೆ, ಒಳಗಿನ ಚೂರು ತೆಗಿಲಿಕ್ಕೇ ಟೈಮ್ ಬೇಕು" ಅಂದರು. ಬಾಗಿಲಿನ ಹೊಟ್ಟೆಯ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಗಾಜಿನ ಬದಿಯಿಂದ ಮಳೆನೀರು ಒಳಗೆ ಇಳಿಯುವುದು ಸಹಜ, ಆ ತೂತುಗಳಿಂದ ಹೊರಗೆ ಹೋಗುವುದೂ ಸಹಜ. ಚೂರುಗಳು ಅಲ್ಲಿ ಸಿಕ್ಕಿಕೊಂಡರೆ ನೀರು ನಿಲ್ಲುತ್ತದೆ, ಕರಾವಳಿಯ ಉಪ್ಪುಗಾಳಿಗೆ ಬಾಗಿಲು ಒಳಗಿನಿಂದ ತುಕ್ಕು ತಿನ್ನತೊಡಗುತ್ತದೆ. ಮೇಸ್ತ್ರಿ ಒಂದೊಂದು ತೂತಿಗೂ ತಂತಿ ಹಾಕಿ ನೋಡಿದರು, ನೀರು ಹೊಯ್ದು ನೋಡಿದರು. ಗಾಜು ಓಡುವ ಚಾನೆಲ್‌ನ ರಬ್ಬರನ್ನು ಹೊರತೆಗೆದು ಅದರ ಸಂದಿಯಿಂದ ಚೂರು ಬಿಡಿಸಿದರು. ಒಂದೇ ಒಂದು ಚೂರು ಉಳಿದರೂ ಹೊಸ ಗಾಜಿಗೆ ಮೊದಲ ದಿನವೇ ಗೀರು. ಮಶೀನನ್ನು, ಅಂದರೆ ಗಾಜು ಎತ್ತಿಳಿಸುವ ರೆಗ್ಯುಲೇಟರನ್ನು, ಬೋಲ್ಟು ಪೂರ್ತಿ ಬಿಗಿಯುವ ಮೊದಲೇ ಮೇಲೆ ಕೆಳಗೆ ಓಡಿಸಿ ಗಾಜು ತನ್ನ ಜಾಗ ತಾನೇ ಕಂಡುಕೊಳ್ಳಲು ಬಿಟ್ಟರು. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಹಾಗೆಯೇ ಮತ್ತೆ ಅಂಟಿಸಿದರು. ಆ ಹಾಳೆ ಇಲ್ಲದಿದ್ದರೆ ಮಳೆನೀರು ಕಾರಿನ ಒಳಗೇ ಇಳಿಯುತ್ತದೆ. ಶಾರ್ಜಾದ ಹುಡುಗ ನನ್ನ ಗಾಡಿಯಲ್ಲಿ ಅದನ್ನು ಅರ್ಧ ಹರಿದೇ ಬಿಟ್ಟಿದ್ದ. ಇಂಥ ಕೈಕೆಲಸ ನಮ್ಮಲ್ಲಿದೆ, ಅದಕ್ಕೆ ಕೊಡಬೇಕಾದ ವಸ್ತುವನ್ನು ಒದಗಿಸಲು ಮಾತ್ರ ನಾವು ತಿಣುಕುತ್ತೇವೆ.

ವಿಮೆಯಿಂದ ಎರಡೂ ಕಡೆ ಹೆಚ್ಚು ಸಹಾಯವಿಲ್ಲ. ಇಲ್ಲಿ ವಯಸ್ಸಾದ ಗಾಡಿಗೆ ಪೂರ್ಣ ವಿಮೆ ಕೊಡಲು ಕಂಪನಿಗಳು ಹಿಂಜರಿಯುತ್ತವೆ, ನನ್ನದು ಥರ್ಡ್ ಪಾರ್ಟಿ ಮಾತ್ರ. ಭಾರತದಲ್ಲಿ ಗಾಜಿನ ಭಾಗಗಳಿಗೆ ಹಳೆಯದೆಂದು ಹಣ ಕಡಿಮೆ ಮಾಡುವ ಸವಕಳಿ ಕಡಿತವಿಲ್ಲ ಎಂಬುದು ಒಳ್ಳೆಯ ನಿಯಮ. ಆದರೆ 1500 ಸಿಸಿವರೆಗಿನ ಕಾರಿಗೆ ಮೊದಲ ₹1000 ನಾವೇ ಕೊಡಬೇಕು, ಜೊತೆಗೆ ಐದು ವರ್ಷ ಕ್ಲೇಮ್ ಮಾಡದೆ ಶೇ. 50ಕ್ಕೆ ಏರಿಸಿಕೊಂಡ ನೋ ಕ್ಲೇಮ್ ಬೋನಸ್ ಎಂಬ ಕಂತಿನ ರಿಯಾಯಿತಿ ಒಂದು ಗಾಜಿಗಾಗಿ ಹೋಗುತ್ತದೆ. ಭಾವ ಕ್ಲೇಮ್ ಮಾಡದಿದ್ದದ್ದೇ ಸರಿ.

ತಪಾಸಣೆಯ ವಿಷಯದಲ್ಲಿ ಮಾತ್ರ ಇಲ್ಲಿಯ ಪದ್ಧತಿ ನಮ್ಮದಕ್ಕಿಂತ ಮೇಲು. ಮೂರು ವರ್ಷ ದಾಟಿದ ಕಾರು ಪ್ರತಿ ವರ್ಷ ಪಾಸಿಂಗ್‌ಗೆ ಹೋಗಬೇಕು, ಗಾಜಿನ ಜಾಗದಲ್ಲಿ ಪ್ಲಾಸ್ಟಿಕ್ ಅಂಟಿಸಿಕೊಂಡು ಹೋದರೆ ಮುಲ್ಕಿಯಾ ನವೀಕರಣವಾಗದು. ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಡುವೆ ರಟ್ಟು ಅಂಟಿಸಿಕೊಂಡು ಓಡಾಡಿದರೂ ಕೇಳುವವರು ಕಡಿಮೆ. ಪ್ರತಿ ವರ್ಷ ನೋಡುವವರಿದ್ದರೆ ಗಾಜಿಗೆ ಬೇಡಿಕೆ ಇರುತ್ತದೆ, ಬೇಡಿಕೆ ಇದ್ದಲ್ಲಿ ಅಂಗಡಿ ಬರುತ್ತದೆ. ಶಾರ್ಜಾದ ಆ ಸಾಲು ಅಂಗಡಿಗಳ ಹಿಂದೆ ಈ ತಪಾಸಣೆಯ ಒತ್ತಡವೂ ಇದೆ ಎಂದೇ ನನ್ನ ನಂಬಿಕೆ.

ನಮ್ಮಲ್ಲಿ ಹಳೆಯ ಬಿಡಿಭಾಗ ಎಂದರೆ ಅರ್ಧ ಕಳ್ಳಮಾಲು ಎಂಬ ಅನುಮಾನ. ಅದು ಪೂರ್ತಿ ಸುಳ್ಳೂ ಅಲ್ಲ. ಶಿವಾಜಿನಗರವಿರಲಿ, ಚೆನ್ನೈಯ ಪುದುಪೇಟೆಯಿರಲಿ, ದೆಹಲಿಯ ಮಾಯಾಪುರಿಯಿರಲಿ, ಈ ಬಿಡಿಭಾಗ ಯಾವ ಗಾಡಿಯಿಂದ ಬಂತು ಎಂದು ಕೊಳ್ಳುವವನಿಗೆ ತಿಳಿಯುವ ದಾರಿ ಇಲ್ಲ. ಹಾಗೆಂದು ಅಲ್ಲಿ ತಲೆಮಾರುಗಳಿಂದ ಕೂತವರನ್ನು ಕಳ್ಳರ ಸಾಲಿಗೆ ಸೇರಿಸುವುದು ಅನ್ಯಾಯ. ಯಾವ ವರ್ಷದ ಯಾವ ಗಾಡಿಯ ಗಾಜು ಯಾವುದಕ್ಕೆ ಕೂರುತ್ತದೆ ಎಂಬ ತಿಳಿವಳಿಕೆ ಅವರ ತಲೆಯಲ್ಲಿದೆ, ಬೇರೆಲ್ಲೂ ಬರೆದಿಟ್ಟಿಲ್ಲ. ಭಾವನ ಕಾರು ಮತ್ತೆ ರಸ್ತೆಗೆ ಬಂದದ್ದು ಅವರಿಂದ.

ಹಳೆಯ ಬಿಡಿಭಾಗಗಳನ್ನು ಹೊರದೇಶದಿಂದ ತರಿಸಲು ಭಾರತದಲ್ಲಿ ನಿರ್ಬಂಧವಿದೆ. ಆದ್ದರಿಂದ ಶಾರ್ಜಾದ ಹಾಗೆ ಜಪಾನಿನ ಕಂಟೇನರುಗಳು ಮಂಗಳೂರಿಗೆ ಬರಲಾರವು. ನಮ್ಮ ಹಳೆಯ ಕಾರುಗಳ ಗಾಜು ನಮ್ಮವೇ ಹಳೆಯ ಕಾರುಗಳಿಂದ ಬರಬೇಕು. ಅದಕ್ಕೆ ಈಗ ಅವಕಾಶ ಒದಗಿದೆ. 2021ರಲ್ಲಿ ಕೇಂದ್ರ ಸರ್ಕಾರ ನೋಂದಾಯಿತ ವಾಹನ ಗುಜರಿ ಕೇಂದ್ರಗಳ ನಿಯಮಗಳನ್ನು ತಂದಿತು. ಗಾಡಿ ಒಪ್ಪಿಸಿದವರಿಗೆ ಪ್ರಮಾಣಪತ್ರ ಕೊಡುವ ಏರ್ಪಾಡು ಅದರಲ್ಲಿದೆ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ ₹600ರಿಂದ ₹5000ಕ್ಕೆ ಏರಿದ್ದೂ ಜನರನ್ನು ಆ ಕಡೆಗೇ ತಳ್ಳುತ್ತಿದೆ. ಆದರೆ ಈ ಕುರಿತ ಚರ್ಚೆಯಲ್ಲಿ ನನಗೆ ಕೇಳಿಸುವುದೆಲ್ಲ ಹೊಗೆಯ ಮಾತು, ಇಲ್ಲವೇ ಉಕ್ಕಿನ ತೂಕದ ಮಾತು. ಒಂದು ಬೀಟ್ ಕಾರು ಕೊನೆಯುಸಿರೆಳೆದು ಗುಜರಿ ಕೇಂದ್ರದ ಒಳಗೆ ಬಂದಾಗ ಅದರ ಬಾಗಿಲುಗಳಲ್ಲಿ ಗಟ್ಟಿ ಗಾಜುಗಳಿರುತ್ತವೆ, ಅವುಗಳಿಗಾಗಿ ಎಲ್ಲೋ ಒಬ್ಬ ಕಾಯುತ್ತಿರುತ್ತಾನೆ ಎಂಬ ಮಾತನ್ನು ಯಾರೂ ಆಡುತ್ತಿಲ್ಲ.

ಕರ್ನಾಟಕದ ಸಾರಿಗೆ ಇಲಾಖೆಯನ್ನು ನಾನು ಕೇಳುವುದು ಇಷ್ಟೇ: ಗುಜರಿ ಕೇಂದ್ರಕ್ಕೆ ಬಂದ ಪ್ರತಿ ಕಾರಿನ ಗಾಜನ್ನು ಪುಡಿ ಮಾಡುವ ಮೊದಲು ಬಿಚ್ಚಿಡಿಸಿ. ಅದರ ಮೇಲೆ ಮಾಡೆಲ್, ವರ್ಷ, ಯಾವ ಬಾಗಿಲು, ಯಾವ ಚಾಸಿ ನಂಬರಿನ ಗಾಡಿಯದು ಎಂಬ ಚೀಟಿ ಅಂಟಿಸಿ, ಆ ಪಟ್ಟಿ ಉಡುಪಿಯ ಮೇಸ್ತ್ರಿಗೂ ಬೀದರಿನ ಮೇಸ್ತ್ರಿಗೂ ಫೋನಿನಲ್ಲಿ ಕಾಣುವ ಹಾಗೆ ಮಾಡಿ. ಕೊಂಡವನಿಗೆ ರಸೀದಿ ಕೊಟ್ಟರೆ ಕಳ್ಳಮಾಲಿನ ಭಯವೂ ಇರುವುದಿಲ್ಲ. ಗಾಜು ಬಿಚ್ಚುವ, ಗುರುತಿಸುವ ಕೆಲಸಕ್ಕೆ ಹೊಸಬರನ್ನು ಹುಡುಕಬೇಡಿ, ಶಿವಾಜಿನಗರದವರನ್ನೇ ಕರೆಯಿರಿ. ನನಗೆ ಪರಿಚಯವಿರುವ ಕರಾವಳಿಯ ಕೆಲವರು ಶಾರ್ಜಾದಲ್ಲಿ ಇದೇ ವ್ಯಾಪಾರದಲ್ಲಿದ್ದಾರೆ. ದಾಸ್ತಾನು ಜೋಡಿಸುವ ಕ್ರಮವನ್ನು ಊರಿಗೆ ಬಂದು ತೋರಿಸಿಕೊಡಲು ಅವರು ಸಿದ್ಧರಿದ್ದಾರೆ.