ಲೈಸೆನ್ಸ್ ಇಷ್ಟು ಸುಲಭವಾಗಿ ಸಿಗಬಾರದು

2022ರಲ್ಲಿ ಇಡೀ ಕೆನಡಾದ ರಸ್ತೆಗಳಲ್ಲಿ ಸತ್ತವರು 1,931 ಜನ. ಅದೇ ವರ್ಷ ಕರ್ನಾಟಕವೊಂದರಲ್ಲೇ 11,702 ಜನ ಸತ್ತರು. ಆಗ ಕೆನಡಾದ ಜನಸಂಖ್ಯೆ ಸುಮಾರು 3.9 ಕೋಟಿ, ಕರ್ನಾಟಕದ್ದು 6.7 ಕೋಟಿಯ ಆಸುಪಾಸು. ಅಂದರೆ ಕೆನಡಾದಲ್ಲಿ ಲಕ್ಷಕ್ಕೆ ಐದು ಜನ, ನಮ್ಮಲ್ಲಿ ಲಕ್ಷಕ್ಕೆ ಹದಿನೇಳು.

ನಾನು ಇರುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. ತುಮಕೂರಿನಲ್ಲಿರುವ ಮನೆಯವರ ಜೊತೆ ಈ ಲೆಕ್ಕ ಮಾತಾಡಿದಾಗಲೆಲ್ಲ ಒಂದೇ ಉತ್ತರ ಬರುತ್ತದೆ. "ಅಲ್ಲಿನ ಜನ ಶಿಸ್ತಿನವರಪ್ಪ, ನಮ್ಮವರಿಗೆ ಅದೆಲ್ಲ ಆಗಲ್ಲ." ಈ ಮಾತು ನನಗೆ ಸಿಟ್ಟು ಬರಿಸುತ್ತದೆ. ಹೀಗಂದುಬಿಟ್ಟರೆ ಯಾರೂ ಏನೂ ಮಾಡಬೇಕಾಗಿಲ್ಲ, ಅಲ್ವಾ? ಜನರ ಗುಣವೇ ಹಾಗೆ ಅಂತ ಕೈ ತೊಳೆದುಕೊಂಡರೆ ಆಯಿತು.

ಆದರೆ ಅದು ನಿಜವಲ್ಲ. 1970ರ ದಶಕದ ಶುರುವಿನಲ್ಲಿ ಕೆನಡಾದಲ್ಲಿ ವರ್ಷಕ್ಕೆ 6,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸಾಯುತ್ತಿದ್ದರು. ಆಗ ದೇಶದ ಜನಸಂಖ್ಯೆ ಸುಮಾರು 2.2 ಕೋಟಿ. ಲಕ್ಷಕ್ಕೆ 25ಕ್ಕಿಂತ ಜಾಸ್ತಿ ಆಯಿತು. ಇವತ್ತಿನ ಕರ್ನಾಟಕಕ್ಕಿಂತ ಕೆಟ್ಟ ಸ್ಥಿತಿ ಅದು. ಅದೇ ಜನ, ಅದೇ ಚಳಿ, ಅದೇ ಉದ್ದುದ್ದ ಹೆದ್ದಾರಿಗಳು. ಬದಲಾದದ್ದು ಕಾನೂನು, ವಾಹನ, ರಸ್ತೆ. 1976ರ ಜನವರಿ 1ರಂದು ಒಂಟಾರಿಯೊ ಪ್ರಾಂತ್ಯ ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. ಕೆನಡಾದಲ್ಲಿ ಅದೇ ಮೊದಲು. ಆಮೇಲೆ ಉಳಿದ ಪ್ರಾಂತ್ಯಗಳೂ ಮಾಡಿದವು. ಕುಡಿದು ಓಡಿಸುವವರ ಮೇಲಿನ ಕಾನೂನು ಬಿಗಿಯಾಗುತ್ತಾ ಬಂತು. 1989ರ ಡಿಸೆಂಬರ್ ನಂತರ ತಯಾರಾದ ಪ್ರತಿ ಗಾಡಿಗೂ ಹಗಲಲ್ಲೂ ಮುಂದಿನ ದೀಪ ತಾನಾಗಿ ಉರಿಯಬೇಕು ಅಂತ ನಿಯಮ ಬಂತು. ಅರ್ಧ ವರ್ಷ ಮಬ್ಬು ಬೆಳಕಿರುವ ದೇಶಕ್ಕೆ ಅದು ಬಹಳ ದೊಡ್ಡ ಕೆಲಸ. ಇವತ್ತು ಇಲ್ಲಿ 2.6 ಕೋಟಿ ವಾಹನಗಳಿವೆ. ಆದರೂ ಸಾವು ಆಗಿನ ಮೂರನೇ ಒಂದು ಭಾಗಕ್ಕೆ ಇಳಿದಿದೆ.

ಇನ್ನೊಂದು ಸಾಕ್ಷಿ ನಮ್ಮವರೇ. ಬೆಂಗಳೂರಿನಲ್ಲಿ ಒನ್ ವೇಯಲ್ಲಿ ಎದುರಿಗೆ ನುಗ್ಗುತ್ತಿದ್ದವರು, ಫುಟ್‌ಪಾತ್ ಮೇಲೆ ಬೈಕ್ ಹತ್ತಿಸುತ್ತಿದ್ದವರು ಇಲ್ಲಿಗೆ ಬಂದ ಎರಡೇ ವರ್ಷಕ್ಕೆ ನಡುರಾತ್ರಿ, ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ ಸ್ಟಾಪ್ ಬೋರ್ಡ್ ಮುಂದೆ ಪೂರ್ತಿ ನಿಂತು ಹೊರಡುತ್ತಾರೆ. ಅವರ ಸ್ವಭಾವ ವಿಮಾನದಲ್ಲಿ ಬದಲಾಯಿತೇ? ಇಲ್ಲ. ಈ ಊರು ಅವರಿಗೆ ಮತ್ತೆ ಮೊದಲಿನಿಂದ ಓಡಿಸುವುದನ್ನು ಕಲಿಸಿತು. ಕಲಿಯದೆ ಲೈಸೆನ್ಸ್ ಕೊಡಲಿಲ್ಲ.

ಇಡೀ ವ್ಯತ್ಯಾಸದಲ್ಲಿ ದೊಡ್ಡ ಪಾಲು ಈ ಲೈಸೆನ್ಸ್‌ನದು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಒಂಟಾರಿಯೊದಲ್ಲಿ 1994ರಿಂದ ಲೈಸೆನ್ಸ್ ಹಂತ ಹಂತವಾಗಿ ಸಿಗುತ್ತದೆ. ಮೊದಲು ಜಿ1, ಅಂದರೆ ಕಲಿಯುವವರ ಲೈಸೆನ್ಸ್. ನಿಯಮಗಳ ಮೇಲೆ 20 ಪ್ರಶ್ನೆ, ರಸ್ತೆ ಚಿಹ್ನೆಗಳ ಮೇಲೆ 20 ಪ್ರಶ್ನೆ, ಎರಡರಲ್ಲೂ ಬೇರೆ ಬೇರೆಯಾಗಿ 16 ಸರಿ ಬರಬೇಕು. ಪಾಸಾದರೂ ಒಬ್ಬರೇ ಓಡಿಸುವ ಹಾಗಿಲ್ಲ. ಕನಿಷ್ಠ ನಾಲ್ಕು ವರ್ಷ ಅನುಭವ ಇರುವವರು ಪಕ್ಕದಲ್ಲಿ ಕೂತಿರಬೇಕು. ರಾತ್ರಿ 12ರಿಂದ ಬೆಳಗ್ಗೆ 5ರವರೆಗೆ ಓಡಿಸುವಂತಿಲ್ಲ. 401ರಂಥ ದೊಡ್ಡ ಹೆದ್ದಾರಿಗೆ ಹೋಗುವಂತಿಲ್ಲ. ಒಂದು ಹನಿ ಮದ್ಯವೂ ಇರಬಾರದು. ಹೀಗೆ ಒಂದು ವರ್ಷ. ಮಾನ್ಯತೆ ಇರುವ ಡ್ರೈವಿಂಗ್ ಶಾಲೆಯಲ್ಲಿ ಕಲಿತರೆ ಎಂಟು ತಿಂಗಳು. ಆಮೇಲೆ ರಸ್ತೆಯ ಮೇಲೆ ಪರೀಕ್ಷೆ. ಪಾಸಾದರೆ ಜಿ2. ಅದರಲ್ಲೂ ಒಂದು ವರ್ಷ ಕಳೆಯಬೇಕು. ಆಮೇಲೆ ಹೆದ್ದಾರಿ ಸೇರಿಸಿ ಇನ್ನೊಂದು ಪರೀಕ್ಷೆ. ಆಗ ಪೂರ್ತಿ ಲೈಸೆನ್ಸ್. ಹದಿನಾರಕ್ಕೆ ಶುರು ಮಾಡಿದ ಹುಡುಗಿಗೆ ಅದು ಕೈಗೆ ಬರುವ ಹೊತ್ತಿಗೆ ವಯಸ್ಸು ಹದಿನೆಂಟರ ಆಸುಪಾಸು ಆಗಿರುತ್ತದೆ. ಅಷ್ಟರಲ್ಲಿ ಅವಳು ಚಳಿಗಾಲ, ಜೋರು ಮಳೆ, ಹಿಮದ ಮೇಲೆ ಜಾರುವ ಬ್ರೇಕ್, ಸಂಜೆ ಕಣ್ಣಿಗೆ ಹೊಡೆಯುವ ಬಿಸಿಲು ಎಲ್ಲ ನೋಡಿರುತ್ತಾಳೆ.

ಭಾರತದ ಲೈಸೆನ್ಸ್ ಇದ್ದವರಿಗೆ ನೇರವಾಗಿ ಬದಲಾಯಿಸಿಕೊಳ್ಳುವ ಸೌಲಭ್ಯ ಇಲ್ಲ. ಊರಿನ ಅನುಭವ ತೋರಿಸಿದರೆ ಕಾಯುವ ಸಮಯ ಕಡಿಮೆಯಾಗುತ್ತದೆ, ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಹಾಸನದ ಹುಡುಗನೊಬ್ಬ, ನಮ್ಮ ಪರಿಚಯದವನು, ಮೊದಲ ರಸ್ತೆ ಪರೀಕ್ಷೆಯಲ್ಲಿ ಫೇಲಾಗಿ ಬಂದಿದ್ದ. ಮುಖ ಕೆಂಪಾಗಿತ್ತು. "ಅಣ್ಣಾ, ನಾನು ಮಳೆಗಾಲದಲ್ಲಿ ರಾತ್ರಿ ಹೊತ್ತು ಶಿರಾಡಿ ಘಾಟಿ ಇಳಿಸಿದವನು. ನನಗೆ ಓಡಿಸೋಕೆ ಬರಲ್ಲ ಅಂತಾರಲ್ಲ!" ಓಡಿಸಲು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಲೇನ್ ಬದಲಿಸುವಾಗ ಕನ್ನಡಿ ನೋಡಿದನೇ ಹೊರತು ಭುಜದ ಮೇಲಿಂದ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಕಾಣದ ಜಾಗದಲ್ಲೇ ಸೈಕಲ್ಲಿನವರು ಇರುತ್ತಾರೆ. ಸ್ಟಾಪ್ ಬೋರ್ಡ್ ಹತ್ತಿರ ನಿಧಾನ ಮಾಡಿದನೇ ಹೊರತು ಚಕ್ರ ಪೂರ್ತಿ ನಿಲ್ಲಿಸಲಿಲ್ಲ. ಪರೀಕ್ಷೆ ಮಾಡಿದವರು ಮಾಡಿದ್ದು ಸರಿ ಅಂತಲೇ ನಾನು ಅವನಿಗೆ ಹೇಳಿದೆ. ಗಾಡಿ ಹಿಡಿತದಲ್ಲಿಟ್ಟುಕೊಳ್ಳುವುದು ಒಂದು, ಬೇರೆಯವರು ಎಲ್ಲಿದ್ದಾರೆ ಅಂತ ನೋಡಿಕೊಂಡು ಓಡಿಸುವುದು ಇನ್ನೊಂದು. ನಮ್ಮ ಊರುಗಳಲ್ಲಿ ಮೊದಲನೆಯದನ್ನು ಚೆನ್ನಾಗಿ ಕಲಿಯುತ್ತೇವೆ. ನಿಜ ಹೇಳಬೇಕೆಂದರೆ, ಇಲ್ಲಿ ಹುಟ್ಟಿ ಬೆಳೆದವರಿಗಿಂತ ಚೆನ್ನಾಗಿ ಕಲಿಯುತ್ತೇವೆ. ಎರಡನೆಯದನ್ನು ನಮಗೆ ಯಾರೂ ಕಲಿಸುವುದೇ ಇಲ್ಲ.

ನಮ್ಮಲ್ಲಿ ಎಲ್‌ಎಲ್ ತೆಗೆದುಕೊಂಡು 30 ದಿನ ಆದರೆ ಡಿಎಲ್‌ಗೆ ಅರ್ಜಿ ಹಾಕಬಹುದು. ಬೈಕಿಗೆ ಎಂಟು, ಕಾರಿಗೆ ಎಚ್. ಒಂದು ಮೈದಾನದಲ್ಲಿ ಬಳಸಿ ಬಂದರೆ ಆಯಿತು. ಕಾಲು ಕೆಳಗಿಡದೆ ಎಂಟು ಹಾಕಿದ ಹುಡುಗನಿಗೆ ತುಮಕೂರು ರಸ್ತೆಯಲ್ಲಿ ಲಾರಿ ಪಕ್ಕ ಎಷ್ಟು ಜಾಗ ಬಿಡಬೇಕು ಅಂತ ಗೊತ್ತೇ? ಅದನ್ನು ಕೇಳುವವರು ಯಾರು?

ಒಂದು ವಿಷಯ ನ್ಯಾಯವಾಗಿ ಹೇಳಬೇಕು. ಎರಡು ದೇಶದ ಲೆಕ್ಕವನ್ನು ಸುಮ್ನೆ ಪಕ್ಕಪಕ್ಕ ಇಟ್ಟರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಇಲ್ಲಿ ಹೆಚ್ಚಿನವರು ಕಾರಿನ ಒಳಗೆ, ಏರ್‌ಬ್ಯಾಗ್‌ಗಳ ನಡುವೆ ಕೂತಿರುತ್ತಾರೆ. ನಮ್ಮವರು ಬೈಕ್, ಸ್ಕೂಟರ್ ಮೇಲೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 44 ಶೇಕಡಕ್ಕಿಂತ ಜಾಸ್ತಿ ದ್ವಿಚಕ್ರ ವಾಹನದವರು. ಅದೇ ವರ್ಷ ಹೆಲ್ಮೆಟ್ ಹಾಕದೆ ಸತ್ತವರು ಸುಮಾರು 50,000. ಈ ಸಂಖ್ಯೆ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪೊಲೀಸರಿಗೆ ತೋರಿಸಲು ಅರ್ಧ ತಲೆ ಮುಚ್ಚುವ ಟೋಪಿ ಹಾಕಿಕೊಂಡು ಹೋಗುವ ಚಿಕ್ಕಪ್ಪಂದಿರು, ಹಿಂದೆ ಹೆಲ್ಮೆಟ್ ಇಲ್ಲದೆ ಮಗು ಎತ್ತಿಕೊಂಡು ಕೂತ ಹೆಂಗಸರು, ಇವರೆಲ್ಲ ನಮ್ಮ ಮನೆಯವರೇ ತಾನೆ.

ಲೈಸೆನ್ಸ್ ಪಡೆಯುವುದು ಕಷ್ಟವಾದರೆ ಸಾಲದು, ಕಳೆದುಕೊಳ್ಳುವ ಭಯವೂ ಇರಬೇಕು. ಒಂಟಾರಿಯೊದಲ್ಲಿ ಫೋನ್ ಕೈಯಲ್ಲಿ ಹಿಡಿದು ಓಡಿಸಿ ಮೊದಲ ಸಲ ತಪ್ಪು ಸಾಬೀತಾದರೆ 1,000 ಡಾಲರ್‌ವರೆಗೂ ದಂಡ, ಮೂರು ದಿನ ಲೈಸೆನ್ಸ್ ಅಮಾನತು, ಮೂರು ಡಿಮೆರಿಟ್ ಪಾಯಿಂಟ್, ಅಂದರೆ ತಪ್ಪಿಗೆ ದಾಖಲಾಗುವ ಅಂಕ. ಪೂರ್ತಿ ಲೈಸೆನ್ಸ್ ಇದ್ದವರಿಗೂ 15 ಪಾಯಿಂಟ್ ಸೇರಿದರೆ 30 ದಿನ ಗಾಡಿ ಮುಟ್ಟುವಂತಿಲ್ಲ. ಮಿತಿಗಿಂತ 50 ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಸಿಕ್ಕಿಬಿದ್ದರೆ ರಸ್ತೆಯಲ್ಲೇ 30 ದಿನ ಲೈಸೆನ್ಸ್ ಕಿತ್ತುಕೊಂಡು, ಗಾಡಿಯನ್ನು 14 ದಿನ ಎಳೆದುಕೊಂಡು ಹೋಗುತ್ತಾರೆ. ಮಕ್ಕಳನ್ನು ಹತ್ತಿಸಲು ಶಾಲೆ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತಾಗ ದಾಟಿ ಹೋದರೆ ಆರು ಪಾಯಿಂಟ್. ಎದುರಿಂದ ಬರುವವರೂ ನಿಲ್ಲಬೇಕು, ನಡುವೆ ಡಿವೈಡರ್ ಇದ್ದರೆ ಮಾತ್ರ ವಿನಾಯಿತಿ. ಇವೆಲ್ಲಕ್ಕಿಂತ ಜನ ಹೆದರುವುದು ಇನ್ಶೂರೆನ್ಸ್‌ಗೆ. ಒಂದು ತಪ್ಪು ದಾಖಲಾದರೆ ಮುಂದಿನ ಕೆಲವು ವರ್ಷ ಪ್ರೀಮಿಯಂ ಏರಿಬಿಡುತ್ತದೆ. ಮನೆಯ ಬಾಡಿಗೆ, ದಿನಸಿ ಜೊತೆ ಅದನ್ನೂ ಪ್ರತಿ ತಿಂಗಳು ಕಟ್ಟಬೇಕು.

ಕರ್ನಾಟಕದಲ್ಲಿ ಏನಾಯಿತು? 2019ರಲ್ಲಿ ಕೇಂದ್ರ ದಂಡ ಹೆಚ್ಚಿಸಿದಾಗ ನಮ್ಮ ರಾಜ್ಯ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ಇದ್ದದ್ದು 500 ಆಯಿತು. 2023ರಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. 2025ರಲ್ಲಿ ಮತ್ತೆ ಕೊಟ್ಟರು. ಬಾಕಿ ವಸೂಲಾಗುತ್ತದೆ ಅನ್ನುವುದು ಅವರ ವಾದ, ಅದು ನನಗೂ ಅರ್ಥವಾಗುತ್ತದೆ. ಆದರೆ ಸಿಗ್ನಲ್ ಹಾರಿದವನಿಗೆ ಕಾದರೆ ಅರ್ಧ ದುಡ್ಡು ಉಳಿಯುತ್ತದೆ ಅಂತ ಸರ್ಕಾರವೇ ಹೇಳಿಕೊಟ್ಟಂತಾಯಿತಲ್ಲ. ತಕ್ಷಣ ಕಟ್ಟಿದ ಪ್ರಾಮಾಣಿಕನಿಗೆ ಇದರಲ್ಲಿ ಏನು ಸಿಕ್ಕಿತು?

ಕೆನಡಾದವರೂ ನೋವುಂಡೇ ಕಲಿತದ್ದು. 2018ರ ಏಪ್ರಿಲ್ 6ರಂದು ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹಂಬೋಲ್ಟ್ ಎಂಬ ಊರಿನ ಐಸ್ ಹಾಕಿ ತಂಡದ ಬಸ್ಸಿಗೂ ಲಾರಿಗೂ ಅಪಘಾತವಾಯಿತು. 16 ಜನ ಸತ್ತರು, 13 ಜನ ಗಾಯಗೊಂಡರು. ಲಾರಿ ಸ್ಟಾಪ್ ಬೋರ್ಡ್ ದಾಟಿ ಬಂದಿತ್ತು. ಚಾಲಕ ಭಾರತದಿಂದ ಬಂದ ಹುಡುಗ, ಆ ಕೆಲಸಕ್ಕೆ ಸೇರಿ ಕೆಲವೇ ವಾರ ಆಗಿತ್ತು. ಅವನು ತಪ್ಪೊಪ್ಪಿಕೊಂಡ, ಎಂಟು ವರ್ಷ ಶಿಕ್ಷೆ ಆಯಿತು. ಅಷ್ಟಕ್ಕೇ ಬಿಡಲಿಲ್ಲ. ಇಷ್ಟು ಕಡಿಮೆ ತರಬೇತಿಯಲ್ಲಿ ಅಷ್ಟು ದೊಡ್ಡ ಲಾರಿ ಕೊಟ್ಟದ್ದು ಹೇಗೆ ಅಂತ ಇಡೀ ದೇಶ ಕೇಳಿತು. ಒಂಟಾರಿಯೊ ಅದಕ್ಕೂ ಮೊದಲೇ, 2017ರಲ್ಲಿ, ದೊಡ್ಡ ಲಾರಿ ಲೈಸೆನ್ಸ್‌ಗೆ 103.5 ಗಂಟೆ ತರಬೇತಿ ಕಡ್ಡಾಯ ಮಾಡಿತ್ತು. 2019ರಲ್ಲಿ ಸಸ್ಕಾಚೆವಾನ್ ಕೂಡ ತರಬೇತಿ ಕಡ್ಡಾಯ ಮಾಡಿತು.

2025ರ ಜನವರಿಯಲ್ಲಿ ಯಲ್ಲಾಪುರದ ಹತ್ತಿರ ತರಕಾರಿ, ಹಣ್ಣಿನ ಲಾರಿ ಕಣಿವೆಗೆ ಬಿದ್ದು ಹತ್ತು ಜನ ಸತ್ತರು. ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಬಡ ವ್ಯಾಪಾರಿಗಳು. ಪರಿಹಾರ ಘೋಷಣೆ ಆಯಿತು, ಆಗಲೇಬೇಕಿತ್ತು. ಆದರೆ ಸಾಮಾನಿನ ಲಾರಿಯಲ್ಲಿ ಅಷ್ಟು ಜನ ರಾತ್ರಿಯಿಡೀ ಘಾಟಿಯಲ್ಲಿ ಯಾಕೆ ಪ್ರಯಾಣ ಮಾಡಬೇಕಾಗುತ್ತದೆ, ಅವರಿಗೆ ಬೇರೆ ದಾರಿ ಏನಿದೆ ಅನ್ನುವ ಪ್ರಶ್ನೆ ಪರಿಹಾರದ ಸುದ್ದಿಯಷ್ಟು ಜೋರಾಗಿ ನನ್ನ ಕಿವಿಗೆ ಬೀಳಲಿಲ್ಲ.

ಕೆನಡಾದ ಎಲ್ಲವನ್ನೂ ತಲೆ ಮೇಲೆ ಹೊತ್ತುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಕಾರಿಲ್ಲದೆ ಇಲ್ಲಿ ಬದುಕುವುದು ಬಹಳ ಕಷ್ಟ. 2016ರ ಜನಗಣತಿಯ ಪ್ರಕಾರ ಕೆಲಸಕ್ಕೆ ಹೋಗುವವರಲ್ಲಿ ಸುಮಾರು 80 ಶೇಕಡ ಜನ ಕಾರಿನಲ್ಲೇ ಹೋಗುತ್ತಿದ್ದರು. ಬಸ್ಸು, ರೈಲು ಹಿಡಿಯುವವರು 12 ಶೇಕಡದ ಸುತ್ತಮುತ್ತ. ಅಮ್ಮ ಇಲ್ಲಿಗೆ ಬಂದಾಗ ಅಗಲವಾದ ಫುಟ್‌ಪಾತ್ ನೋಡಿ ಖುಷಿಪಟ್ಟರು. ಆಮೇಲೆ ಕೊತ್ತಂಬರಿ ಸೊಪ್ಪು ತರಲು ಕೂಡ ಯಾರಾದರೂ ಕಾರು ತೆಗೆಯಬೇಕು ಅಂತ ಗೊತ್ತಾಗಿ ಬೇಜಾರಾದರು. ತುಮಕೂರಿನಲ್ಲಿ ಅವರು ದಿನಾ ನಡೆದು ಹೋಗಿ, ನಾಲ್ಕು ಜನರನ್ನು ಮಾತಾಡಿಸಿ, ಸೊಪ್ಪು ತರುತ್ತಾರೆ. ಆ ಬದುಕು ನಮ್ಮ ಊರುಗಳ ಆಸ್ತಿ. ಇಲ್ಲಿ ವಯಸ್ಸಾದವರು 80 ದಾಟಿದ ಮೇಲೆ ಎರಡು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ ಲೈಸೆನ್ಸ್ ನವೀಕರಿಸಿಕೊಳ್ಳಬೇಕು. ಆ ಲೈಸೆನ್ಸ್ ಹೋದ ದಿನ ಎಷ್ಟೋ ಜನ ಮನೆಯಲ್ಲೇ ಬಂದಿಗಳಾಗುತ್ತಾರೆ.

ಗಾಡಿಗಳೂ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿವೆ. ಹೊಸದಾಗಿ ಮಾರಾಟವಾಗುವ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಗಾಡಿಗಳು ಎಸ್‌ಯುವಿ, ಪಿಕಪ್, ವ್ಯಾನ್. ಎತ್ತರದ ಬಾನೆಟ್ಟಿನ ಪಿಕಪ್ ಮುಂದೆ ಐದು ವರ್ಷದ ಮಗು ನಿಂತರೆ ಚಾಲಕನಿಗೆ ಕಾಣುವುದೇ ಇಲ್ಲ. ಬೆಂಗಳೂರಿನ ಗಲ್ಲಿಗಳಿಗೂ ಇಂಥ ಗಾಡಿಗಳು ನುಗ್ಗುತ್ತಿರುವುದು ನೋಡಿದರೆ ಆತಂಕವಾಗುತ್ತದೆ. ಇನ್ನು ಶಾಲೆಗಳ ಹತ್ತಿರ ಇದ್ದ ವೇಗದ ಕ್ಯಾಮೆರಾಗಳನ್ನು ಒಂಟಾರಿಯೊ ಸರ್ಕಾರ 2025ರ ನವೆಂಬರ್‌ನಲ್ಲಿ ನಿಷೇಧಿಸಿತು. ಟೊರೊಂಟೊದ ಶಾಲಾ ವಲಯಗಳಲ್ಲಿ ಆ ಕ್ಯಾಮೆರಾಗಳಿಂದ ಮಿತಿ ಮೀರುವವರ ಪ್ರಮಾಣ 45 ಶೇಕಡ ಇಳಿದಿದೆ ಅಂತ ಮಕ್ಕಳ ಆಸ್ಪತ್ರೆ ಸಿಕ್‌ಕಿಡ್ಸ್‌ನ ಸಂಶೋಧಕರು ಅದೇ ವರ್ಷ ತೋರಿಸಿದ್ದರು. ಜನರ ಜೇಬಿಗೆ ಕೈ ಹಾಕುತ್ತವೆ ಅನ್ನುವ ಕಾರಣಕ್ಕೆ ಅವನ್ನು ತೆಗೆದದ್ದು ದೊಡ್ಡ ತಪ್ಪು. ಒಳ್ಳೆಯ ವ್ಯವಸ್ಥೆಯೂ ತಾನಾಗಿ ಉಳಿಯುವುದಿಲ್ಲ, ಅದಕ್ಕಾಗಿ ಇಲ್ಲಿನ ತಂದೆ ತಾಯಂದಿರು ಈಗ ಮತ್ತೆ ದನಿ ಎತ್ತಬೇಕಾಗಿದೆ.

ನಮ್ಮಲ್ಲಿ ಆಗುವುದಿಲ್ಲ ಅನ್ನುವವರು ಬೆಂಗಳೂರು–ಮೈಸೂರು ಹೆದ್ದಾರಿ ನೋಡಲಿ. 2023ರಲ್ಲಿ ಅಲ್ಲಿ ಸಾವಿನ ಮೇಲೆ ಸಾವು. ಆ ಆಗಸ್ಟ್ 1ರಿಂದ ಬೈಕ್, ಆಟೋಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ವೇಗ ಹಿಡಿಯುವ ಕ್ಯಾಮೆರಾ ಹಾಕಿದರು. ಮುಂದಿನ ವರ್ಷ ಸಾವು ಬಹಳ ಕಡಿಮೆಯಾಯಿತು. ಓಡಿಸಿದವರು ಅದೇ ಮಂಡ್ಯ, ಮೈಸೂರು, ಬೆಂಗಳೂರಿನ ಜನ.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಎಲ್‌ಎಲ್‌ಗೂ ಡಿಎಲ್‌ಗೂ ನಡುವೆ 30 ದಿನದ ಬದಲು ಕನಿಷ್ಠ ಆರು ತಿಂಗಳು ಇರಲಿ. ಎಂಟು, ಎಚ್ ಮುಗಿದ ಮೇಲೆ ಅರ್ಧ ಗಂಟೆ ನಿಜವಾದ ರಸ್ತೆಯಲ್ಲಿ, ಶಾಲೆ ಮುಂದೆ, ಸಂತೆ ಹತ್ತಿರ, ಸರ್ಕಲ್‌ನಲ್ಲಿ ಪರೀಕ್ಷೆ ನಡೆಯಲಿ. ಹೊಸ ಲೈಸೆನ್ಸ್‌ನ ಮೊದಲ ವರ್ಷ ರಾತ್ರಿ ಹನ್ನೆರಡರ ಮೇಲೆ ಬೈಕ್ ಬೇಡ. ದಂಡಕ್ಕೆ ರಿಯಾಯಿತಿ ಬೇಡವೇ ಬೇಡ. ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ನನ್ನ ಅಕ್ಕನ ಮಗನಿಗೆ ಈ ವರ್ಷ ಹದಿನೆಂಟು ತುಂಬುತ್ತದೆ, ಬೈಕ್ ಕೊಡಿಸಿ ಅಂತ ಕೂತಿದ್ದಾನೆ. ಭಾವನಿಗೆ ಫೋನ್ ಮಾಡಿ ಹೇಳಿದ್ದೇನೆ: ಕೊಡಿಸಿ, ಆದರೆ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ ಎರಡು ಮೊದಲು ಬರಲಿ, ಮೊದಲ ಆರು ತಿಂಗಳು ಹೆದ್ದಾರಿಗೆ ಒಬ್ಬನೇ ಹೋಗುವುದು ಬೇಡ, ಭಾನುವಾರ ಬೆಳಗ್ಗೆ ನೀವೇ ಹಿಂದೆ ಕೂತು ಅವನ ಕೈಲಿ ಓಡಿಸಿ ನೋಡಿ.