ಅಣಕವೆಂದರೆ ಬರೀ ಗೇಲಿಯೇ?

ಮೆಲ್ ಬ್ರೂಕ್ಸ್ ನಿರ್ದೇಶನದ ಅಣಕ ಚಿತ್ರ ‘ಯಂಗ್ ಫ್ರಾಂಕನ್‌ಸ್ಟೈನ್’ (1974) ಹಳೆಯ ಭಯಾನಕ ಚಿತ್ರಗಳನ್ನು ಕೇವಲ ಗೇಲಿ ಮಾಡುತ್ತದೆ ಎಂದು ಅದರ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ್ದಾರೆ. ಆ ಮಾತನ್ನು ಪೂರ್ತಿಯಾಗಿ ಒಪ್ಪಲಾಗದು. ಗೇಲಿಯಷ್ಟೇ ಉದ್ದೇಶವಾಗಿದ್ದರೆ, ಬಣ್ಣದ ಚಿತ್ರಗಳೇ ರೂಢಿಯಾಗಿದ್ದ ಕಾಲದಲ್ಲಿ ಕಪ್ಪು-ಬಿಳುಪಿನಲ್ಲೇ ಚಿತ್ರೀಕರಿಸಬೇಕೆಂದು ಹಟ ಹಿಡಿದು, ಅದಕ್ಕಾಗಿ ಕೊಲಂಬಿಯಾ ಸಂಸ್ಥೆಯನ್ನೇ ಬಿಟ್ಟು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಹೋಗುವ ಅಗತ್ಯ ಬ್ರೂಕ್ಸ್ ಅವರಿಗೆ ಇರಲಿಲ್ಲ. ಇದರ ಮೂಲಗಳಲ್ಲೊಂದಾದ 1931ರ ‘ಫ್ರಾಂಕನ್‌ಸ್ಟೈನ್’ ಚಿತ್ರಕ್ಕೆ ಕೆನೆತ್ ಸ್ಟ್ರಿಕ್‌ಫಾಡೆನ್ ತಯಾರಿಸಿದ್ದ, ಕಿಡಿ ಉಗುಳುವ ವಿದ್ಯುತ್ ಉಪಕರಣಗಳನ್ನು ಅವರಿಂದಲೇ ಪಡೆದು ಈ ಚಿತ್ರದ ಪ್ರಯೋಗಾಲಯದಲ್ಲಿ ಜೋಡಿಸಲಾಯಿತು. ಆದ್ದರಿಂದಲೇ ಅಲ್ಲಿ ಸಿಡಿಲು ಬಡಿದಾಗ ನಗುವಿನ ನಡುವೆಯೂ ಮೈ ಸ್ವಲ್ಪ ಜುಮ್ಮೆನ್ನುತ್ತದೆ.

ಮೂಲ ಚಿತ್ರಗಳನ್ನು ನೋಡದವರಿಗೆ ಹಾಸ್ಯ ತಲುಪುವುದಿಲ್ಲ ಎಂಬ ಅವರ ಇನ್ನೊಂದು ಮಾತೂ ಅರ್ಧ ಸತ್ಯ. ಕಳೆದ ಬೇಸಿಗೆಯಲ್ಲಿ ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ (ಒಳಗೆ ಕೂರಲು ಸೆಕೆ ಬಿಡುತ್ತಿರಲಿಲ್ಲ) ಲ್ಯಾಪ್‌ಟಾಪ್ ಇಟ್ಟುಕೊಂಡು ಅಣ್ಣನ ಮಗನೊಡನೆ ಇದನ್ನು ನೋಡಿದೆ. 1931ರದ್ದನ್ನು ಕಂಡೇ ಇರದ ಅವನು, ಗೂನುಬೆನ್ನಿನ ಸಹಾಯಕನ ಪಾತ್ರ ಮಾಡಿದ ನಟ ಮಾರ್ಟಿ ಫೆಲ್ಡ್‌ಮನ್ ಅವರ ಗೂನು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿದದ್ದನ್ನು ಗಮನಿಸಿ, “ಕಾಕಾ, ಗೂನು ಈ ಕಡಿ ಇತ್ತಲ್ಲ, ಆ ಕಡಿ ಹ್ಯಾಂಗ ಹೋಯ್ತು?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕನು. ಕಟ್ಟಿಗೆಯ ಕೈಯ ಇನ್‌ಸ್ಪೆಕ್ಟರನ ದೃಶ್ಯಗಳಲ್ಲಿ ಮಾತ್ರ ಅವನು ಅಷ್ಟಾಗಿ ನಗಲಿಲ್ಲ. ಆ ಪಾತ್ರ 1939ರ ‘ಸನ್ ಆಫ್ ಫ್ರಾಂಕನ್‌ಸ್ಟೈನ್’ ಚಿತ್ರದ ಅಣಕವಾದ್ದರಿಂದ ಅಲ್ಲಿ ಲೇಖಕರ ಮಾತಿಗೆ ತೂಕವಿದೆ.